ನಾಯಿ ಮಾತ್ರೆ ನುಂಗಿತಾ? ಮೊದಲು ಸ್ಟ್ರಿಪ್ ಎತ್ತಿಟ್ಟುಕೊಳ್ಳಿ

ಒಂದು ಸಂಜೆ ನಮ್ಮ ಕರಿಯ ಮಂಚದ ಕೆಳಗೆ ಕೂತು ಏನನ್ನೋ ಕರಕರ ಅಗಿಯುತ್ತಿದ್ದ. ಎಳೆದು ನೋಡಿದರೆ ಅಪ್ಪನ ಮಂಡಿನೋವಿನ ಮಾತ್ರೆಯ ಸ್ಟ್ರಿಪ್! ಗಾಬರಿಯಲ್ಲಿ ಅದನ್ನು ಕಸದ ಬುಟ್ಟಿಗೆ ಎಸೆದೆ. ಫೋನಿನಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಯಾವ ಮಾತ್ರೆ, ಎಷ್ಟು ಎಂ.ಜಿ.?" ಮತ್ತೆ ಕಸ ಕೆದಕಬೇಕಾಯಿತು.

ಆದ್ದರಿಂದ ಬಾಯಲ್ಲಿ ಉಳಿದದ್ದನ್ನು ತೆಗೆದ ಕೂಡಲೇ ಸ್ಟ್ರಿಪ್ ಎತ್ತಿಟ್ಟುಕೊಳ್ಳಿ. ಎಷ್ಟು ಮಾತ್ರೆ ಕಾಣೆಯಾಗಿವೆ, ತಿಂದು ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು, ಇಷ್ಟು ಗೊತ್ತಿದ್ದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಪ್ಯಾರಾಸಿಟಮಾಲ್ ಕೆ.ಜಿ. ತೂಕಕ್ಕೆ 100 ಎಂ.ಜಿ. ಮುಟ್ಟಿದರೆ ನಾಯಿಯ ಲಿವರ್‌ಗೆ ಅಪಾಯ. ಒಂದೇ ಒಂದು ಡೋಲೋ 650 ನುಂಗಿದ 5 ಕೆ.ಜಿ. ಪೊಮೆರೇನಿಯನ್‌ಗೆ ಲೆಕ್ಕ 130 ಆಯಿತು. 30 ಕೆ.ಜಿ. ಲ್ಯಾಬ್ರಡಾರ್‌ಗೆ ಅದೇ ಮಾತ್ರೆ ಬರೀ 22. ಐಬುಪ್ರೊಫೆನ್ ಎಂಬ ನೋವಿನ ಔಷಧ ಇನ್ನೂ ಮೋಸ. ಆ 100 ಎಂ.ಜಿ.ಗಿಂತ ಕಡಿಮೆಯಲ್ಲೇ ಹೊಟ್ಟೆ ಹುಣ್ಣಾಗುತ್ತದೆ, ಜಾಸ್ತಿಯಾದರೆ ಕಿಡ್ನಿಗೂ ಪೆಟ್ಟು. ನೋವಿನ ಎಷ್ಟೋ ಮಾತ್ರೆಗಳಲ್ಲಿ ಇವೆರಡೂ ಸೇರಿರುತ್ತವೆ, ಹೆಸರಿನ ಕೆಳಗಿನ ಸಣ್ಣಕ್ಷರ ಓದಿ. (ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು.)

ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಅಂದರು. ದಯವಿಟ್ಟು ಬೇಡ. ಜಾಸ್ತಿ ಉಪ್ಪು ನಾಯಿಗೆ ಇನ್ನೊಂದು ವಿಷ. ಡಾಕ್ಟರು ಹೇಳದೆ ಮನೆಯಲ್ಲಿ ವಾಂತಿ ಮಾಡಿಸಲೇಬೇಡಿ, ತೂಕಡಿಸುವ ನಾಯಿಗಾದರೆ ವಾಂತಿ ಶ್ವಾಸಕೋಶಕ್ಕೇ ಹೋಗಬಹುದು. "ಚೆನ್ನಾಗೇ ಆಡ್ತಿದೆ ಅಲ್ವಾ" ಅಂತ ಕಾಯುವುದೂ ತಪ್ಪು. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ, ಏದುಸಿರು ಬರುವ ಹೊತ್ತಿಗೆ ತಡವಾಗಿರುತ್ತದೆ.

ಒಂದೆರಡು ಗಂಟೆಯೊಳಗೆ ತಲುಪಿದರೆ ಸಾಮಾನ್ಯವಾಗಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ. ಕರಿಯ ಮೂರು ಸಲ ಕಕ್ಕಿದ, ಮೂರನೆಯದರಲ್ಲಿ ಬಿಳಿ ಚೂರುಗಳು ಕಂಡವು. ಆಮೇಲೆ ಔಷಧದ ಇದ್ದಿಲಿನ ಪುಡಿ ಕಲಸಿ ಕುಡಿಸಿದರು. ಹೊಟ್ಟೆಯಲ್ಲಿ ಉಳಿದ ಔಷಧವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಕುಡಿಸಿದವರ ಅಂಗಿಯೂ ಕಪ್ಪಾಯಿತು ಅನ್ನಿ! ಪ್ಯಾರಾಸಿಟಮಾಲ್‌ಗೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ. ಐಬುಪ್ರೊಫೆನ್‌ಗೆ ಅಂಥದ್ದಿಲ್ಲ, ಡ್ರಿಪ್ ಹಾಕಿ ಹೊಟ್ಟೆ ಹುಣ್ಣಾಗದಂತೆ ಔಷಧ ಕೊಡುತ್ತಾರೆ. ಲಿವರ್, ಕಿಡ್ನಿಯ ರಕ್ತಪರೀಕ್ಷೆಗೆ ಮತ್ತೆ ಬರಲು ಹೇಳಿದರೆ ತಪ್ಪಿಸಬೇಡಿ.

ಇದ್ದಿಲು ಕುಡಿದ ನಾಯಿಯ ಕಕ್ಕ ಒಂದೆರಡು ದಿನ ಕಪ್ಪಗೇ ಇರುತ್ತದೆ, ಹೆದರಬೇಡಿ. ಆಮೇಲೂ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬಂದರೆ ಅದು ಹೊಟ್ಟೆಯೊಳಗೆ ಸೋರಿದ ರಕ್ತ ಇರಬಹುದು. ಕೂಡಲೇ ಮತ್ತೆ ಕರೆದುಕೊಂಡು ಹೋಗಿ.