ಏಂಜಲ್ಸ್ ಟ್ರಂಪೆಟ್: ಕಡ್ಡಿ ಊರಿದರೆ ಸಾಲದು, ಹೊಟ್ಟೆಗೂ ಹಾಕಬೇಕು

ಊಟಿ, ಕೊಡೈಕೆನಾಲ್ ಕಡೆ ಹೋಗಿಬಂದವರು ಈ ಗಿಡವನ್ನು ನೋಡಿಯೇ ಇರುತ್ತೀರಿ. ರಸ್ತೆ ಬದಿಯಲ್ಲಿ, ಹಳೇ ಬಂಗಲೆಗಳ ಬೇಲಿಯಲ್ಲಿ ಹೆಚ್ಚುಕಡಿಮೆ ಒಂದಡಿ ಉದ್ದದ ಹೂಗಳು ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಬಿಳಿ, ತೆಳು ಹಳದಿ, ಪೀಚ್, ಗುಲಾಬಿ ಹೀಗೆ ಬಣ್ಣಗಳು. ನಮ್ಮ ಮಲೆನಾಡಿನ ಮನೆಗಳ ಅಂಗಳದಲ್ಲೂ ಅಲ್ಲಲ್ಲಿ ಇದೆ. ಸಸ್ಯಶಾಸ್ತ್ರದವರು ಬ್ರಗ್‌ಮ್ಯಾನ್ಸಿಯಾ ಅನ್ನುತ್ತಾರೆ, ನರ್ಸರಿಯಲ್ಲಿ ಏಂಜಲ್ಸ್ ಟ್ರಂಪೆಟ್ ಎಂದು ಕೇಳಿದರೆ ಕೊಡುತ್ತಾರೆ. ಸಂಜೆಯಾಗುತ್ತಿದ್ದಂತೆ ಅದು ಬೀರುವ ಪರಿಮಳಕ್ಕೆ ಮನಸೋತು ಒಂದು ಕಡ್ಡಿ ಮುರಿದು ತಂದು ಬೆಂಗಳೂರಿನ ತಾರಸಿಯಲ್ಲಿ ಊರಿದವರು ಎಷ್ಟೋ ಜನ. ಕಡ್ಡಿ ಚಿಗುರುತ್ತದೆ, ಎಲೆ ಬಿಡುತ್ತದೆ, ಎತ್ತರವೂ ಆಗುತ್ತದೆ, ಆದರೆ ಹೂವಿನ ಸುದ್ದಿಯೇ ಇಲ್ಲ. ಇದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಕಡ್ಡಿಯನ್ನು ಗಿಡದ ಯಾವ ಭಾಗದಿಂದ ತೆಗೆದಿರಿ ಅನ್ನುವುದು ಒಂದು. ಬೇರು ಬಂದ ಮೇಲೆ ಅದಕ್ಕೆ ಊಟ ಹಾಕಿದಿರಾ ಅನ್ನುವುದು ಇನ್ನೊಂದು.

ಬೇರು ಬರಿಸುವುದು ನಿಜಕ್ಕೂ ಸುಲಭ. ಕಷ್ಟ ಇರುವುದು ಆಮೇಲೆ.

ಮೊದಲು ಕೈಗವಸು

ಇದು ದತ್ತೂರಿಯ ಹತ್ತಿರದ ಸಂಬಂಧಿ. ಟೊಮೆಟೊ, ಬದನೆ, ತಂಬಾಕು ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ದತ್ತೂರಿಯ ಹೂವು ಮೇಲೆ ನೋಡುತ್ತದೆ, ಕಾಯಿಗೆ ಮುಳ್ಳಿರುತ್ತದೆ. ಇದರ ಹೂವು ಕೆಳಗೆ ನೋಡುತ್ತದೆ, ಕಾಯಿ ನುಣುಪು, ಕಾಂಡ ಮರದಂತೆ ಗಟ್ಟಿಯಾಗುತ್ತದೆ. ವಿಷದಲ್ಲಿ ಮಾತ್ರ ಇಬ್ಬರೂ ಒಂದೇ. ಎಲೆ, ಹೂ, ಬೀಜ, ಬೇರು ಎಲ್ಲದರಲ್ಲೂ ಸ್ಕೋಪೊಲಮೈನ್, ಅಟ್ರೋಪಿನ್ ಇರುತ್ತವೆ. ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಎದೆ ಹೊಡೆದುಕೊಂಡು, ಭ್ರಮೆ ಹಿಡಿದು ಜೀವಕ್ಕೇ ಅಪಾಯವಾಗಬಹುದು. ಕತ್ತರಿಸುವಾಗ ರಸ ತಾಗಿದ ಬೆರಳಿನಿಂದ ಕಣ್ಣುಜ್ಜಿಕೊಂಡರೂ ಸಾಕು, ಪಾಪೆ ಅಗಲವಾಗಿ ಕಣ್ಣು ಮಂಜಾಗುತ್ತದೆ. ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿದಾಗ ಆಗುತ್ತದಲ್ಲ, ಥೇಟ್ ಹಾಗೇ, ಏಕೆಂದರೆ ಅಟ್ರೋಪಿನ್ ಕಣ್ಣಿನ ಡ್ರಾಪ್ಸ್‌ನಲ್ಲೂ ಬಳಸುವ ಔಷಧಿಯೇ.

ಹಾಗಾಗಿ ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಕೈ, ಕತ್ತರಿ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಸೊಪ್ಪಿನ ಮಡಿಯ ಪಕ್ಕ ಇದನ್ನು ನೆಡಲೇಬೇಡಿ. ಅಂಬೆಗಾಲಿಡುವ ಮಗುವೋ, ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿಮರಿಯೋ ಮನೆಯಲ್ಲಿದ್ದರೆ ಸದ್ಯಕ್ಕೆ ಈ ಗಿಡದ ಆಸೆ ಬಿಡುವುದೇ ಮೇಲು. ಯಾರಾದರೂ ತಿಂದರೆಂದು ಅನುಮಾನ ಬಂದರೂ ಮನೆಮದ್ದು ಮಾಡುತ್ತಾ ಕೂರದೆ, ಒಂದೆರಡು ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಎಲ್ಲಿ ಕತ್ತರಿಸಬೇಕು?

ಈ ಗಿಡ ಬೆಳೆಯುವ ರೀತಿಯೇ ಬೇರೆ. ಚಿಕ್ಕಂದಿನಲ್ಲಿ ಒಂದೇ ಕಾಂಡವಾಗಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಮೂರು, ನಾಲ್ಕು, ಕೆಲವೊಮ್ಮೆ ಐದಡಿ ಆದಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಎರಡಾಗಿ ಕವಲೊಡೆಯುತ್ತದೆ. ಮೊಗ್ಗು ಶುರುವಾಗುವುದು ಅಲ್ಲಿಂದ. ಕವಲಿನ ಕೆಳಗಿನ ಭಾಗ ಎಲೆ ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲ.

ತುಂಡು ಮಾಡಿ ನೆಟ್ಟರೂ ಕಡ್ಡಿ ತನ್ನ ಈ ಗುಣವನ್ನು ಬಿಡುವುದಿಲ್ಲ. ಕವಲಿನ ಮೇಲಿನ ಕೊಂಬೆಯಿಂದ ತೆಗೆದ ಕಡ್ಡಿ ಗಿಡ್ಡವಾಗಿದ್ದಾಗಲೇ, ಚೆನ್ನಾಗಿ ನೋಡಿಕೊಂಡರೆ ಅದೇ ವರ್ಷ ಹೂ ಕೊಡಬಹುದು. ಕೆಳಗಿನ ಕಾಂಡದಿಂದ, ಇಲ್ಲವೇ ಬುಡದಲ್ಲಿ ಎದ್ದ ಚಿಗುರಿನಿಂದ ತೆಗೆದದ್ದು ಮತ್ತೆ ಮೊದಲಿನಿಂದ ನೆಟ್ಟಗೆ ಬೆಳೆದು, ಕವಲೊಡೆದು, ಆಮೇಲೆ ಮೊಗ್ಗು ಬಿಡಬೇಕು. ಇಷ್ಟು ಕಾಯುವ ತಾಳ್ಮೆ ಯಾರಿಗಿದೆ? ಬೇಲಿಯಾಚೆಯಿಂದ ಕೈಗೆ ಸಿಕ್ಕ ಬುಡದ ಚಿಗುರನ್ನೇ ಕಿತ್ತು ತಂದವರಿಗೆ ಹೂ ಸಿಗದಿರುವುದು ಇದೇ ಕಾರಣಕ್ಕೆ. ಮುರಿದು ತಂದ ಕಡ್ಡಿ ಯಾವ ಭಾಗದ್ದು ಎಂದು ಗೊತ್ತಾಗದಿದ್ದರೆ ಎಲೆಯ ಬುಡ ನೋಡಿ. ತೊಟ್ಟಿಗೆ ಸೇರುವ ಕಡೆ ಎಲೆಯ ಒಂದು ಮಗ್ಗುಲು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಅದು ಹೂ ಬಿಡುವ ಕೊಂಬೆ. ಎರಡೂ ಸಮವಾಗಿದ್ದರೆ ಕೆಳಗಿನದು. ಆದರೆ ಎತ್ತರದ ಮರದ ಹಾಗೆ ಬೆಳೆಸಿ, ಕೆಳಗೆ ನಿಂತು ಹೂ ನೋಡಬೇಕು ಅನ್ನುವವರಿಗೆ ಕೆಳಗಿನ ಕಡ್ಡಿಯೇ ಸರಿ. ಬೇಕೆಂದೇ ಅದನ್ನು ಆರಿಸುವವರೂ ಇದ್ದಾರೆ.

ಆರರಿಂದ ಎಂಟು ಇಂಚು ಉದ್ದ, ಪೆನ್ಸಿಲ್‌ನಿಂದ ಹೆಬ್ಬೆರಳಿನಷ್ಟು ದಪ್ಪ, ತೊಗಟೆ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿರುವ ಕಡ್ಡಿ ತೆಗೆಯಿರಿ. ತುದಿಯ ಎಳೆ ಹಸಿರು ಭಾಗ ಬೇಗ ಕೊಳೆಯುತ್ತದೆ. ಕೆಳತುದಿಯನ್ನು ಗಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಎಲೆಗಳನ್ನೆಲ್ಲ ತೆಗೆದು, ನೆತ್ತಿಯಲ್ಲಿ ಒಂದೋ ಎರಡೋ ಚಿಕ್ಕ ಎಲೆ ಮಾತ್ರ ಬಿಡಿ. ಎಲೆ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ, ಪರವಾಗಿಲ್ಲ. ತಲೆ ಯಾವುದು ಬುಡ ಯಾವುದು ಅನ್ನುವುದು ಒಣ ಕಡ್ಡಿಯಲ್ಲಿ ಗೊತ್ತಾಗುವುದಿಲ್ಲ, ಹಾಗಾಗಿ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿಬಿಡಿ.

ಕತ್ತರಿಯ ಬಗ್ಗೆ ಇನ್ನೊಂದು ಮಾತು. ಬೇರೆ ಬೇರೆ ಗಿಡಗಳಿಂದ ಕಡ್ಡಿ ತೆಗೆಯುವಾಗ ನಡುನಡುವೆ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ. ಎಲೆ ಮೇಲೆ ಹಳದಿ ಹಸಿರು ಮಚ್ಚೆ ಎದ್ದು ಮುರುಟಿಸುವ ವೈರಸ್‌ಗಳು ಹರಡುವುದು ಹೀಗೆಯೇ. ತಂಬಾಕಿನ ಮೊಸಾಯಿಕ್ ವೈರಸ್ ಇದಕ್ಕೂ ಬರುತ್ತದೆ, ಆದ್ದರಿಂದ ಬೀಡಿ ಸಿಗರೇಟು ಸೇದಿದವರು, ಹೊಗೆಸೊಪ್ಪು ಹಾಕುವವರು ಕೈ ತೊಳೆದುಕೊಂಡೇ ಗಿಡ ಮುಟ್ಟಲಿ.

ನೀರಲ್ಲೋ, ಮಣ್ಣಲ್ಲೋ?

ಎರಡರಲ್ಲೂ ಬೇರು ಬರುತ್ತದೆ. ಹೊಸಬರು ನೀರಿನಲ್ಲೇ ಶುರು ಮಾಡಿ ಅನ್ನುತ್ತೇನೆ, ಒಳಗೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಬಾಟಲಿಯಲ್ಲಿ ಎರಡು ಇಂಚು ನೀರು ಹಾಕಿ, ಹೊರಗೆ ಪೇಪರ್ ಸುತ್ತಿ, ಬೆಳಕಿದ್ದರೂ ನೇರ ಬಿಸಿಲು ಬೀಳದ ಕಡೆ ಇಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು, ಇದರಲ್ಲಿ ಸೋಮಾರಿತನ ಮಾಡಿದರೆ ಬುಡ ಲೋಳೆಯಾಗುತ್ತದೆ. ಲೋಳೆಯಾದರೆ ಅಷ್ಟನ್ನು ಕತ್ತರಿಸಿ ಎಸೆದು ಹೊಸ ನೀರಲ್ಲಿಡಿ. ಇರುವ ಎಲೆ ಹಳದಿಯಾಗಿ ಉದುರಿದರೆ ಹೆದರಬೇಡಿ, ಕಡ್ಡಿ ಗಟ್ಟಿಯಾಗಿದ್ದರೆ ಜೀವ ಇದೆ ಎಂದೇ ಅರ್ಥ. ಮೊದಲು ತೊಗಟೆಯ ಮೇಲೆ ಅಕ್ಕಿಕಾಳಿನಂಥ ಬಿಳಿ ಬೊಕ್ಕೆಗಳು ಏಳುತ್ತವೆ, ಬೇರು ಬರುವುದು ಅಲ್ಲಿಂದಲೇ. ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿ ಹವೆಯಲ್ಲಿ ಎರಡು ಮೂರು ವಾರ ಸಾಕು, ಚಳಿಯಲ್ಲಿ ಜಾಸ್ತಿ ದಿನ ಹಿಡಿಯುತ್ತದೆ.

ಬೇರು ಒಂದೆರಡು ಇಂಚು ಆದ ಕೂಡಲೇ ಮಣ್ಣಿಗೆ ಹಾಕಿಬಿಡಿ. ಬಾಟಲಿಯಲ್ಲಿ ಚೆಂದ ಕಾಣುತ್ತದೆ ಎಂದು ತಿಂಗಳುಗಟ್ಟಲೆ ಬಿಟ್ಟರೆ ನೀರಿನ ಬೇರುಗಳು ಉದ್ದವಾಗಿ, ನಾಜೂಕಾಗಿ, ಮುಟ್ಟಿದರೆ ಮುರಿಯುತ್ತವೆ. ನೆಟ್ಟ ಮೊದಲ ವಾರ ನೆರಳು, ತೇವ ಎರಡೂ ಬೇಕು.

ನೇರ ಮಣ್ಣಿಗೇ ಊರುವವರು ನಿಜವಾದ ಮಣ್ಣನ್ನು ಬಿಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ, ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಹರಳು) ಅಥವಾ ದಪ್ಪ ಮರಳು ಅರ್ಧ. ಕೋಕೋಪೀಟ್‌ನಲ್ಲಿ ಉಪ್ಪು ಇರಬಹುದು, ಎರಡು ಮೂರು ಸಲ ತೊಳೆದು ಹಿಂಡಿ ಬಳಸಿ. ಮನೆ ಕಟ್ಟಿ ಉಳಿದ ಎಂ-ಸ್ಯಾಂಡ್ ಇದ್ದರೆ ಜರಡಿ ಹಿಡಿದು ಪುಡಿ ತೆಗೆಯಿರಿ, ಇಲ್ಲವಾದರೆ ಅದು ಸಿಮೆಂಟಿನಂತೆ ಕೂತು ನೀರು ಬಸಿಯುವುದೇ ಇಲ್ಲ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಒದ್ದೆ ಇದ್ದರೆ ಸಾಕು. ಕಡ್ಡಿಯ ಎರಡು ಗಣ್ಣು ಒಳಗೆ ಹೋಗುವಂತೆ ಊರಿ, ಮೇಲೆ ಪಾರದರ್ಶಕ ಕವರ್ ಸಡಿಲವಾಗಿ ಹೊದಿಸಿ. ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚಬಹುದು, ಹಚ್ಚದಿದ್ದರೂ ನಡೆಯುತ್ತದೆ. ಜೇನುತುಪ್ಪ, ದಾಲ್ಚಿನ್ನಿ ಪುಡಿ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ, ಈ ಗಿಡಕ್ಕೆ ಅದರ ಅಗತ್ಯವೇ ಇಲ್ಲ.

ಕಾಲ? ಏಪ್ರಿಲ್‌ನ ಬಿಸಿಲು ಬೇಡ. ಮುಂಗಾರು ಶುರುವಾದ ಮೇಲೆ ಊರಬಹುದು, ಮಳೆ ನೇರವಾಗಿ ಬೀಳದಂತೆ ನೋಡಿಕೊಂಡರೆ ಸಾಕು. ಅಕ್ಟೋಬರ್ ಕೂಡ ಒಳ್ಳೆಯದು.

ಬೀಜದಿಂದ ಮಾಡಬಾರದಾ ಎಂದು ಕೇಳುವವರಿರುತ್ತಾರೆ. ಮಾಡಬಹುದು, ಆದರೆ ತಾಯಿಯ ಬಣ್ಣವೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಅಲ್ಲದೆ ಈ ಗಿಡ ಉಳಿದುಕೊಂಡಿರುವುದೇ ಕಡ್ಡಿಯಿಂದ. ಮೂಲ ಊರು ದಕ್ಷಿಣ ಅಮೆರಿಕ, ಹೆಚ್ಚಾಗಿ ಕೊಲಂಬಿಯಾ, ಈಕ್ವೆಡಾರ್, ಪೆರು ಕಡೆಯ ಆಂಡೀಸ್ ಬೆಟ್ಟಗಳು. ಕಾಡಿನಲ್ಲಿ ತಾನಾಗಿ ಬೆಳೆಯುವ ಬ್ರಗ್‌ಮ್ಯಾನ್ಸಿಯಾ ಈಗ ಇಲ್ಲ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದರ ಜಾತಿಗಳು ಕಾಡಿನಿಂದ ಮರೆಯಾದವು ಎಂದೇ ದಾಖಲಾಗಿವೆ. ಬೀಜ ಹರಡುತ್ತಿದ್ದ ಪ್ರಾಣಿಗಳು ಹಿಂದೆಯೇ ಅಳಿದಿರಬೇಕು ಎಂಬುದು ಒಂದು ಊಹೆ. ಅಲ್ಲಿನ ಜನ ಕಡ್ಡಿ ಮುರಿದು ಅಂಗಳದಲ್ಲಿ ನೆಡುತ್ತಾ ಬಂದದ್ದರಿಂದ ನಮ್ಮವರೆಗೆ ಬಂದಿದೆ.

ಊಟದ ವಿಚಾರ

ಹೊಸ ಎಲೆ ಬರುವವರೆಗೆ ಗೊಬ್ಬರ ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಹಾಕಿದರೆ ಅದನ್ನು ತಿನ್ನುವವರು ಯಾರು? ಉಪ್ಪಿನಂಶ ಕಡ್ಡಿಯನ್ನೇ ಸುಡುತ್ತದೆ.

ಎರಡು ಮೂರು ಹೊಸ ಎಲೆ ಬಿಚ್ಚಿಕೊಂಡ ಮೇಲೆ ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವುದು) ತಂದು ಒಂದು ಲೀಟರ್ ನೀರಿಗೆ ಅರ್ಧ ಗ್ರಾಂನಂತೆ, ಅಂದರೆ ಒಂದು ಚಿಟಿಕೆ, ವಾರಕ್ಕೊಮ್ಮೆ ಕೊಡಿ. ತಿಂಗಳ ನಂತರ ಒಂದು ಗ್ರಾಂಗೆ ಏರಿಸಿ. ಗಿಡ ಹನ್ನೆರಡು ಇಂಚಿನ ಕುಂಡಕ್ಕೆ ಹೋಗಿ ಎಲೆಗಳು ಅಂಗೈ ಮೀರಿ ಬೆಳೆಯತೊಡಗಿದರೆ ಎರಡು ಗ್ರಾಂವರೆಗೂ ಹೋಗಬಹುದು. ಬೇರೆ ಕುಂಡದ ಗಿಡಗಳಿಗೆ ತಿಂಗಳಿಗೊಮ್ಮೆ ಹಾಕುವ ಅಭ್ಯಾಸ ಇರುವವರಿಗೆ ವಾರವಾರ ಅಂದರೆ ಹೆಚ್ಚು ಅನ್ನಿಸಬಹುದು, ಆದರೆ ಇದು ಅಂಥ ಗಿಡವಲ್ಲ, ಇದರ ಹಸಿವೇ ದೊಡ್ಡದು. ಒಂದೇ ಸಲಕ್ಕೆ ಜಾಸ್ತಿ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪ, ಆಗಾಗ ಹಾಕುವುದು ಇದಕ್ಕೆ ಒಗ್ಗುತ್ತದೆ. ಒಣಗಿದ ಮಣ್ಣಿಗೆ ಎಂದೂ ಗೊಬ್ಬರದ ನೀರು ಬೇಡ. ಮೊದಲು ಬರೀ ನೀರು, ಆಮೇಲೆ ಗೊಬ್ಬರ.

ರಾಸಾಯನಿಕ ಬೇಡ ಅನ್ನುವವರು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರವನ್ನು ಎರಡು ವಾರಕ್ಕೊಮ್ಮೆ ಎರಡು ಹಿಡಿ ಹಾಕಿ, ನಡುವೆ ಕಡಲೆಕಾಯಿ ಹಿಂಡಿಯನ್ನು ನೆನೆಸಿ ಕೊಳೆಸಿದ ನೀರನ್ನು ಹತ್ತು ಪಟ್ಟು ತೆಳು ಮಾಡಿ ಕೊಡಿ. ವಾಸನೆ ಬರುತ್ತದೆ, ಅಪಾರ್ಟ್‌ಮೆಂಟಿನಲ್ಲಿರುವವರು ಪಕ್ಕದ ಮನೆಯವರ ಮುಖ ನೋಡಿಕೊಂಡು ಮಾಡಿ! ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕುವುದಾದರೆ ಹಾಕಿ, ಬೇಡ ಅನ್ನುವುದಿಲ್ಲ. ಅದನ್ನೇ ಊಟ ಅಂದುಕೊಂಡರೆ ಮಾತ್ರ ಗಿಡ ಉಪವಾಸ ಬೀಳುತ್ತದೆ.

ಗಿಡ ಏನು ಕೇಳುತ್ತಿದೆ ಅನ್ನುವುದನ್ನು ಎಲೆ ನೋಡಿ ಹೇಳಬಹುದು. ಕೆಳಗಿನ ಹಳೇ ಎಲೆಗಳು ಪೂರ್ತಿ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲುತ್ತಿಲ್ಲ, ಗೊಬ್ಬರ ತಪ್ಪಿಸಿದ್ದೀರಿ. ಹಳೇ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ, ಲೀಟರಿಗೆ ಒಂದು ಚಿಕ್ಕ ಚಮಚ ಎಪ್ಸಮ್ ಸಾಲ್ಟ್ ಕರಗಿಸಿ ತಿಂಗಳಿಗೊಮ್ಮೆ ಹಾಕಿ. ಇದೇ ಲಕ್ಷಣ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಆ ನೀರಿನ ಸುಣ್ಣದಂಶದಿಂದ ಬೇರಿಗೆ ಸಿಗುವುದಿಲ್ಲ. ಕಿಲೇಟೆಡ್ ಐರನ್ (ಬೇರು ಸುಲಭವಾಗಿ ಹೀರುವ ರೂಪದ ಕಬ್ಬಿಣ) ಎಂದು ಕೇಳಿ ತನ್ನಿ, ಮಳೆನೀರು ಸಿಕ್ಕಾಗ ಹಿಡಿದಿಟ್ಟು ಹಾಕಿ. ಎಲೆಯಂಚು ಕಂದಾಗಿ ಸುಟ್ಟು, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಗೊಬ್ಬರ ಹೆಚ್ಚಾಗಿದೆ, ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಬರೀ ನೀರು ಸುರಿದು ತೊಳೆಯಿರಿ. ಹೇಗೂ ತಿಂಗಳಿಗೊಮ್ಮೆ ಹೀಗೆ ತೊಳೆಯುವುದು ಒಳ್ಳೆಯದು.

ಗಿಡ ದಟ್ಟವಾಗಿ ಹಸಿರಾಗಿದೆ, ಕವಲೂ ಒಡೆದಿದೆ, ಆದರೂ ಮೊಗ್ಗಿಲ್ಲ ಅಂದರೆ ಸಾರಜನಕ ಹೆಚ್ಚಿರುವ ಹಿಂಡಿ, ಯೂರಿಯಾ ನಿಲ್ಲಿಸಿ, ಪೊಟ್ಯಾಷ್ ಹೆಚ್ಚಿರುವ 13:0:45 ಗೊಬ್ಬರವನ್ನು ಒಂದು ವಾರ ಬಿಟ್ಟು ಒಂದು ವಾರ ಲೀಟರಿಗೆ ಒಂದು ಗ್ರಾಂ ಕೊಟ್ಟು ನೋಡಿ. ಮಂಗಳೂರು, ರಾಯಚೂರಿನವರಿಗೆ ಇದರಿಂದಲೂ ಬೇಸಿಗೆಯಲ್ಲಿ ಹೂ ಬರದಿರಬಹುದು. ತಂಪು ರಾತ್ರಿ ಈ ಗಿಡಕ್ಕೆ ಇಷ್ಟ, ಮೊಗ್ಗಿನ ಆಸೆಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ. ಊಟಿಯಲ್ಲಿ ಕಾಣುವ ಕೆಂಪು ಹಳದಿ ಬಣ್ಣದ, ಪರಿಮಳವಿಲ್ಲದ ಜಾತಿಯೊಂದಿದೆಯಲ್ಲ, ಅದನ್ನಂತೂ ಸೆಕೆಯ ಊರುಗಳಿಗೆ ತರಬೇಡಿ.

ನೀರು, ಕೀಟ, ಕುಂಡ

ಎಲೆ ದೊಡ್ಡದು, ನೀರು ಜಾಸ್ತಿ ಬೇಕು. ಬೇಸಿಗೆಯಲ್ಲಿ ದಿನಕ್ಕೆರಡು ಸಲವೂ ಬೇಕಾಗಬಹುದು. ಆದರೆ ಮಧ್ಯಾಹ್ನ ಎಲೆ ಜೋತುಬಿದ್ದಿತೆಂದು ಸುಮ್ನೆ ಓಡಿಹೋಗಿ ನೀರು ಹಾಕಬೇಡಿ, ಮಣ್ಣಿಗೆ ಬೆರಳಿಟ್ಟು ನೋಡಿ. ಒಳಗೆ ತೇವವಿದ್ದರೆ ಅದು ಬಿಸಿಲಿನ ಸುಸ್ತು, ಸಂಜೆಗೆ ಎದ್ದು ನಿಲ್ಲುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಪೂರ್ವದ ಬಾಲ್ಕನಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಒಣ ಹವೆಯಲ್ಲಿ ಎಲೆಯಡಿ ಕೆಂಪು ನುಸಿ ಖಂಡಿತ ಬರುತ್ತದೆ, ಬಿಳಿ ನೊಣವೂ ಬರುತ್ತದೆ. ಪೈಪ್ ಹಿಡಿದು ಎಲೆಯ ಅಡಿಭಾಗಕ್ಕೆ ನೀರು ಹೊಡೆಯಿರಿ, ಕಡಿಮೆಯಾಗದಿದ್ದರೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕದಡಿ ಬಿಸಿಲಿಳಿದ ಮೇಲೆ ಸಿಂಪಡಿಸಿ. ಮಲೆನಾಡಿನಲ್ಲಿ ಬಸವನಹುಳು ಒಂದೇ ರಾತ್ರಿಗೆ ಎಳೆ ಗಿಡ ಮುಗಿಸುತ್ತದೆ, ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಕುಂಡವನ್ನು ಹಂತಹಂತವಾಗಿ ದೊಡ್ಡದು ಮಾಡಿ, ಕೊನೆಗೆ ಹದಿನಾರು ಹದಿನೆಂಟು ಇಂಚಿನದು ಬೇಕು. ಅದರಲ್ಲೂ ವರ್ಷ ತುಂಬುವುದರೊಳಗೆ ಬೇರು ಸುತ್ತಿಕೊಂಡು, ಹಾಕಿದ ನೀರು ನಿಲ್ಲದೆ ಬದಿಯಿಂದ ಹರಿದುಹೋಗುತ್ತದೆ. ಆಗ ಗಿಡ ಹೊರತೆಗೆದು, ಬೇರಿನ ಉಂಡೆಯ ಸುತ್ತ ಎರಡು ಇಂಚು ಕತ್ತರಿಸಿ, ಹೊಸ ಮಣ್ಣು, ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ತುಂಬಿ ಮತ್ತೆ ಅಲ್ಲೇ ಕೂರಿಸಿ. ಕೊಂಬೆಗಳನ್ನೂ ಆಗಲೇ ಸವರಿ, ಆದರೆ ಕವಲಿನ ಮೇಲೆ ಐದಾರು ಗಣ್ಣು ಬಿಟ್ಟು. ಕವಲಿಗಿಂತ ಕೆಳಗೆ ಕತ್ತರಿ ಹೋದರೆ ಹೂವಿಗೆ ಮತ್ತೆ ಮೊದಲಿನಿಂದ ಕಾಯಬೇಕು.

ಸವರಿದ ಕೊಂಬೆಗಳನ್ನು ಬೀದಿಗೆಸೆಯಬೇಡಿ, ದನ ಬಾಯಿ ಹಾಕುತ್ತವೆ. ಒಳ್ಳೆಯವನ್ನು ಆರಿಸಿ ಮತ್ತೆ ನೀರಿಗಿಡಿ, ಕೇಳಿದವರಿಗೆ ಕೊಡಿ. ಕೊಡುವಾಗ ಯಾವ ಬಣ್ಣ, ಕವಲಿನ ಮೇಲಿನದೋ ಕೆಳಗಿನದೋ ಮತ್ತು ವಿಷ ಎಂದು ಒಂದು ಚೀಟಿಯಲ್ಲಿ ಬರೆದು ಕಡ್ಡಿಗೇ ಕಟ್ಟಿ ಕೊಡಿ.