ಕೊಳದ ದಂಡೆಯಲ್ಲಿ ಕೂರುವುದನ್ನು ಕಲಿತೆ

ನಮ್ಮ ಪಾರ್ಕ್ ಚಿಕ್ಕದು. ನಡುವೆ ಒಂದು ಕೊಳ, ಅದನ್ನು ಸುತ್ತಿ ಬರುವ ಮಣ್ಣಿನ ದಾರಿ, ಮರಗಳ ಕೆಳಗೆ ಇನ್ನೆರಡು ಕಾಲುದಾರಿ. ಒಂದು ಸುತ್ತಿಗೆ ಏಳು ನಿಮಿಷ ಸಾಕು. ತುಂಬಾ ದಿನ ನಾನು ಬಿರುಸಾಗಿ ಐದು ಸುತ್ತು ಹಾಕಿ ಮನೆಗೆ ಬರುತ್ತಿದ್ದೆ. ಕೊಳದಲ್ಲಿ ಏನಿದೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಒಮ್ಮೆ ಬೆಳಕು ಹರಿಯುವ ಹೊತ್ತಿಗೇ ಹೋಗಿದ್ದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಪಾಪ, ಹಸಿದಿವೆ ಅಂದುಕೊಂಡು ಮರುದಿನ ಬ್ರೆಡ್ ತಂದು ಹಾಕಿದೆ. ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ಅಲ್ಲಿನ ಮಾಲಿಯೊಬ್ಬರು ಹತ್ತಿರ ಬಂದರು. “ಅಮ್ಮಾ, ಅವು ಊಟಕ್ಕೆ ಬಾಯಿ ಬಿಡ್ತಿಲ್ಲ, ಉಸಿರಿಗೆ ಬಿಡ್ತಿವೆ. ನೀವು ಹಾಕಿದಷ್ಟೂ ಅವಕ್ಕೆ ಕಷ್ಟ ಜಾಸ್ತಿ,” ಅಂದರು.

ಮನೆಗೆ ಬಂದು ಹುಡುಕಿ ಓದಿದೆ. ಹಗಲು ಬಿಸಿಲಿದ್ದಾಗ ಪಾಚಿ ಮತ್ತು ನೀರಿನ ಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿ ಅದು ನಿಂತುಹೋಗುತ್ತದೆ, ಆದರೆ ಮೀನಿನ ಜೊತೆ ಗಿಡಗಳೂ ಉಸಿರಾಡುತ್ತಲೇ ಇರುತ್ತವೆ. ಅದಕ್ಕೇ ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ತೀರಾ ಕಡಿಮೆ. ಬೆಚ್ಚಗಿನ ನೀರಿನಲ್ಲಿ ಅದು ಕರಗುವುದೇ ಕಡಿಮೆ, ಹಾಗಾಗಿ ಬೇಸಿಗೆಯಲ್ಲಿ ಇನ್ನೂ ಕಷ್ಟ. ಉಳಿದ ಬ್ರೆಡ್ ತಳಕ್ಕಿಳಿದು ಕೊಳೆಯುವಾಗ ಬ್ಯಾಕ್ಟೀರಿಯಾಗಳೂ ಆ ಸ್ವಲ್ಪದರಲ್ಲೇ ಪಾಲು ಕೇಳುತ್ತವೆ. ಕೊಳೆತದ್ದು ಪಾಚಿಗೆ ಗೊಬ್ಬರವೂ ಆಗುತ್ತದೆ. ಪ್ರೀತಿಯಿಂದಲೇ ಹಾಕಿದ್ದೆ, ಅಲ್ವಾ? ತುಂಬಾ ಸಂಕಟವಾಯಿತು. ಅಂದೇ ನಿಲ್ಲಿಸಿದೆ. ಮೀನು ಮೇಲೆ ಬಂದಾಗೆಲ್ಲ ಇದೇ ಕಾರಣ ಅಂತಲ್ಲ. ಆದರೆ ಬೆಳಗ್ಗೆ ಎಲ್ಲವೂ ಒಟ್ಟಿಗೆ ಬಂದು, ಬಿಸಿಲೇರಿದ ಮೇಲೆ ಕೆಳಗಿಳಿದರೆ ಉಸಿರಿನ ಕಷ್ಟ ಅಂತಲೇ ನಾನು ತಿಳಿಯುತ್ತೇನೆ.

ಬ್ರೆಡ್ ಇಲ್ಲದೆ ಹೋದ ಮೇಲೆ ಮಾಡಲು ಏನೂ ಇರಲಿಲ್ಲ. ಸುಮ್ನೆ ಕೂತೆ. ಕೂತಿದ್ದೇ ಒಳ್ಳೆಯದಾಯಿತು.

ಈಗ ಮೊದಲು ಒಂದು ಸುತ್ತು ನಿಧಾನಕ್ಕೆ ನಡೆಯುತ್ತೇನೆ. ಆಮೇಲೆ ಒಂದೇ ಜಾಗದಲ್ಲಿ ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ, ಏಕೆಂದರೆ ನನ್ನ ಹೆಜ್ಜೆಗೇ ಎಲ್ಲ ಅಡಗಿರುತ್ತವೆ. ಇಲ್ಲಿ ಎದ್ದು ಬಿಡಬಾರದು. ಸ್ವಲ್ಪ ಹೊತ್ತಿಗೆ ಎಲೆಗಳ ನಡುವೆ ಕಪ್ಪೆಯ ಎರಡು ಕಣ್ಣು ಮೇಲೇಳುತ್ತವೆ. ಒಣಗಿದ ಕೊಂಬೆ ಅಂದುಕೊಂಡಿದ್ದು ಬಕಪಕ್ಷಿಯಾಗಿ ಒಂದು ಹೆಜ್ಜೆ ಇಡುತ್ತದೆ.

ಬೆಂಚಿಗಿಂತ ನೆಲದ ಮೇಲೆ ಕೂರುವುದು ವಾಸಿ. ನೀರೊಳಗಿನ ಮೀನಿಗೆ ಹೊರಗಿನದ್ದೆಲ್ಲ ತಲೆ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಂಡಂತೆ ಕಾಣುತ್ತದೆ, ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ. ತಗ್ಗಿ ಕೂತವರು ಆ ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ ಬಿಡುತ್ತಾರೆ. ನಿಂತವರು ಎತ್ತರಕ್ಕೆ ಕಾಣುತ್ತಾರೆ, ಮೀನು ದೂರ ಸರಿಯುತ್ತದೆ. ನೀರಿನ ಹೊಳಪು ಕಣ್ಣಿಗೆ ಹೊಡೆದರೆ ಪೋಲರಾಯ್ಡ್ ಕನ್ನಡಕ ಹಾಕುತ್ತೇನೆ, ತಳದವರೆಗೂ ಕಾಣುವ ದಿನಗಳಿವೆ. ದೂರದ ಹಕ್ಕಿಗೆ ಬೈನಾಕ್ಯುಲರ್. ಬೇರೇನೂ ಬೇಡ.

ಮಳೆ ಬಂದ ಮೇಲೆ ದಾರಿ ಕೆಸರಾಗುತ್ತದೆ. ಆಗ ಅಂಚಿನ ಹುಲ್ಲು ತುಳಿಯದೆ ಕೆಸರಲ್ಲೇ ನಡೆಯುತ್ತೇನೆ. ಎಲ್ಲರೂ ಪಕ್ಕಕ್ಕೆ ಸರಿದರೆ ದಾರಿ ಅಗಲವಾಗುತ್ತಾ ಹೋಗಿ, ಕಪ್ಪೆಗಳು ಅಡಗುವ ಹುಲ್ಲೇ ಉಳಿಯುವುದಿಲ್ಲ. ಶೂ ತೊಳೆದುಕೊಳ್ಳಬಹುದು.

ನೀರಿನಿಂದ ಎದ್ದ ಕಡ್ಡಿಗಳಲ್ಲಿ ಕಂದು ಬಣ್ಣದ ಒಣ ಪೊರೆಗಳು ಅಂಟಿಕೊಂಡಿದ್ದನ್ನು ಕಂಡು ಸತ್ತ ಹುಳ ಅಂದುಕೊಂಡಿದ್ದೆ. ಅವು ಏರೋಪ್ಲೇನ್ ಚಿಟ್ಟೆ ಬಿಟ್ಟುಹೋದ ಚಿಪ್ಪು. ಅದರ ಮರಿ ನೀರಿನಲ್ಲೇ ಬೆಳೆಯುತ್ತದೆ, ಸೊಳ್ಳೆ ಮರಿಗಳನ್ನೂ ತಿನ್ನುತ್ತದೆ. ಬಲಿತ ಮೇಲೆ ಕಡ್ಡಿ ಹತ್ತಿ, ಬೆನ್ನು ಸೀಳಿಕೊಂಡು ಹೊರಬರುತ್ತದೆ. ಒಂದು ಬೆಳಗ್ಗೆ ಅದನ್ನು ಕಣ್ಣಾರೆ ನೋಡಿದೆ. ರೆಕ್ಕೆ ಮುದುಡಿದ್ದವು, ಮೆಲ್ಲಗೆ ಬಿಚ್ಚಿಕೊಂಡವು. ಆಗ ಮುಟ್ಟಿದರೆ ರೆಕ್ಕೆ ಶಾಶ್ವತವಾಗಿ ಸೊಟ್ಟಗಾಗಬಹುದು, ಅದಕ್ಕೆ ಕೈ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅದು ಹಾರುವ ತನಕ ನಾನು ಅಲ್ಲಾಡಲಿಲ್ಲ. ಅಂದು ಒಂದು ಸುತ್ತೂ ನಡೆಯಲಿಲ್ಲ.