ಒಂದು ಚಿಟಿಕೆ ಮರಳು ಹೇಳುವ ನೀರಿನ ಕಥೆ

"ಮೋಳೆ (ಮಗಳೇ), ಹವಳ ಸತ್ತಿದ್ದು ಬಿಸಿಗೋ, ನಮ್ಮ ಮನೆಗಳ ಕೊಳೆನೀರಿಗೋ?" ಲಕ್ಷದ್ವೀಪದ ಅಮಿನ್‌ದಿವಿ ಗುಂಪಿನ ಒಂದು ದ್ವೀಪದಲ್ಲಿ ದೋಣಿ ನಡೆಸುತ್ತಿದ್ದ ಕಾಕ ಮಲಯಾಳದಲ್ಲಿ ಕೇಳಿದ್ದರು. ಈ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನವಳಾದ ನನಗೆ ಅದು ನೆಂಟರ ಮನೆಯವರ ಪ್ರಶ್ನೆಯಂತೆ ಕೇಳಿಸಿತು. ಉತ್ತರ ಹುಡುಕಲೇಬೇಕು ಅನಿಸಿತು.

ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆ ಮಾಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಬಾಟಲಿ ಆ ಗಳಿಗೆಯ ಮಾತನ್ನಷ್ಟೇ ಹೇಳುತ್ತದೆ. ಮನೆಗಳ ಹೊಲಸು ನೀರು ಮರಳಿನಲ್ಲಿ ಇಂಗಿ ಲಗೂನಿಗೆ, ಅಂದರೆ ದ್ವೀಪಕ್ಕೂ ಹೊರಗಿನ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ನೀರಿಗೆ, ಸೇರುತ್ತದೆ. ಅದರಲ್ಲಿರುವ ಸಾರಜನಕವನ್ನು ಪಾಚಿ ಬೇಗ ಹೀರಿಕೊಂಡುಬಿಡುತ್ತದೆ, ಉಳಿದದ್ದು ಇಳಿತದ ಜೊತೆ ಹೊರಗೆ ಹೋಗುತ್ತದೆ. ನಮ್ಮ ಬಾಟಲಿಗೆ ಸಿಗುವುದು ತಿಳಿನೀರು. ಅದಕ್ಕೇ ನಾನು ನೀರಿನ ಬದಲು ಅಲ್ಲೇ ಬದುಕುವ ಜೀವಿಗಳನ್ನು ನೋಡುತ್ತೇನೆ.

ಆ ಜೀವಿಗಳ ಹೆಸರು ಫೊರಾಮಿನಿಫೆರಾ. ಚಿಕ್ಕದಾಗಿ ಫೊರಾಮ್. ಒಂದೇ ಜೀವಕೋಶ, ಮೇಲೊಂದು ಚಿಪ್ಪು. ಆಂಫಿಸ್ಟೆಜಿನಾ ಅನ್ನುವ ಜಾತಿ ಹೆಚ್ಚುಕಡಿಮೆ ರಾಗಿ ಕಾಳಿನಷ್ಟು. ಜೀವಂತ ಇರುವುದನ್ನು ಗಾಜಿನ ತಟ್ಟೆಯಲ್ಲಿಟ್ಟು ಮೈಕ್ರೋಸ್ಕೋಪಿನ ಕೆಳಗೆ ನೋಡಿ. ಚಿನ್ನ ಬೆರೆತ ಕಂದು ಬಣ್ಣ, ಸುರುಳಿ ಕೋಣೆಗಳು. ಚಿಪ್ಪಿನ ಅಂಚಿನಿಂದ ಜೇಡನ ಎಳೆಯಂಥ ದಾರಗಳು ಹೊರಬರುತ್ತವೆ. ಅವನ್ನೇ ಹಿಡಿದು ಅದು ನಿಧಾನಕ್ಕೆ ತಟ್ಟೆಯ ಗೋಡೆ ಹತ್ತುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಆ ಬಣ್ಣ ಅದರೊಳಗಿನ ಪಾಚಿಯದು. ಹವಳದ ಹಾಗೆಯೇ ಇದೂ ಪಾಚಿಯನ್ನು ಮನೆಯೊಳಗೆ ಇಟ್ಟುಕೊಂಡು ಬದುಕುತ್ತದೆ. ತಿಳಿಯಾದ, ಗೊಬ್ಬರದಂಶ ಕಡಿಮೆ ಇರುವ ನೀರು ಇಬ್ಬರಿಗೂ ಬೇಕು. ನೀರಿಗೆ ಹೊಲಸು ಸೇರಿದರೆ ಇಂಥವು ಕಮ್ಮಿಯಾಗಿ, ಪಾಚಿಯ ಹಂಗಿಲ್ಲದ ಸಣ್ಣ ಜಾತಿಗಳು ಹೆಚ್ಚುತ್ತವೆ. ಇನ್ನೂ ಕೆಟ್ಟರೆ ಅಮೋನಿಯಾ, ಎಲ್ಫಿಡಿಯಂ ಮುಂತಾದ ಗಟ್ಟಿ ಜೀವಗಳು ಉಳಿಯುತ್ತವೆ. (ಅಮೋನಿಯಾ ಅಂದರೆ ಇಲ್ಲಿ ರಾಸಾಯನಿಕವಲ್ಲ, ಒಂದು ಫೊರಾಮ್‌ನ ಹೆಸರು.)

ಕೆಲಸ ಹೀಗೆ. ಮುಳುಗಿ, ಹವಳದ ನಡುವಿನ ಮರಳಿನ ಮೇಲ್ಪದರವನ್ನಷ್ಟೇ ಡಬ್ಬಿಗೆ ಕೆರೆದುಕೊಳ್ಳುತ್ತೇನೆ. 63 ಮೈಕ್ರಾನ್ ಜರಡಿಯಲ್ಲಿ ತೊಳೆದು ಒಣಗಿಸುತ್ತೇನೆ. ಅದರಲ್ಲಿ ಸುಮಾರು ಒಂದು ಗ್ರಾಂ ತೆಗೆದುಕೊಂಡು, ಒದ್ದೆ ಮಾಡಿದ ಅತಿ ಸಣ್ಣ ಬ್ರಷ್ಷಿನ ತುದಿಯಿಂದ ಚಿಪ್ಪುಗಳನ್ನು ಒಂದೊಂದಾಗಿ ಆರಿಸುತ್ತೇನೆ. 150ರಿಂದ 200 ಸಿಕ್ಕರೆ ಸಾಕು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುವಾಗ ಪಕ್ಕದಲ್ಲಿ ಕೂತು ಕಲಿತ ತಾಳ್ಮೆ ಇಲ್ಲಿ ಒದಗಿತು.

ಮೊದಲ ಸಲದ ಮರಳೆಲ್ಲ ಹಾಳಾಯಿತು. ಕೆಡದಿರಲಿ ಅಂತ ಫಾರ್ಮಲಿನ್ ಹಾಕಿದ್ದೆ, ಬೋರಾಕ್ಸ್ ಬೆರೆಸಲು ಮರೆತಿದ್ದೆ. ಬೋರಾಕ್ಸ್ ಇಲ್ಲದಿದ್ದರೆ ಫಾರ್ಮಲಿನ್ ಹುಳಿಯಾಗುತ್ತದೆ, ಸುಣ್ಣದ ಚಿಪ್ಪನ್ನು ತಿನ್ನುತ್ತದೆ. ಡಬ್ಬಿ ತೆರೆದಾಗ ಹೊಳಪು ಹೋಗಿ, ಮೈಯೆಲ್ಲ ಸವೆದ ಚಿಪ್ಪುಗಳು. ಎಷ್ಟೋ ಚಿಪ್ಪುಗಳ ಜಾತಿಯೇ ಗೊತ್ತಾಗಲಿಲ್ಲ. ಅಷ್ಟು ದೂರ ಹೋಗಿ ತಂದದ್ದು ಅಂತ ಅವತ್ತು ಅತ್ತುಬಿಟ್ಟೆ. ಈಗ ಚಿಪ್ಪು ಮಾತ್ರ ಸಾಕಾದಾಗ ಫಾರ್ಮಲಿನ್ ಹಾಕುವುದೇ ಇಲ್ಲ. ಬೇಗ ತೊಳೆದು ಒಣಗಿಸಿಬಿಡುತ್ತೇನೆ.

ಎಣಿಸಿದ ಮೇಲೆ ಲೆಕ್ಕ. ಅಮೆರಿಕದ ಪಮೇಲಾ ಹ್ಯಾಲಕ್ ಮತ್ತು ಜೊತೆಗಾರರು 2003ರಲ್ಲಿ ಕೊಟ್ಟ ಫೊರಾಮ್ ಸೂಚ್ಯಂಕ ಇದು. ಪಾಚಿ ಇಟ್ಟುಕೊಂಡವುಗಳ ಪಾಲನ್ನು 10ರಿಂದ, ಸಣ್ಣ ಜಾತಿಗಳ ಪಾಲನ್ನು 2ರಿಂದ, ಗಟ್ಟಿ ಜೀವಗಳ ಪಾಲನ್ನು 1ರಿಂದ ಗುಣಿಸಿ ಕೂಡಬೇಕು. ಉದಾಹರಣೆಗೆ 160 ಚಿಪ್ಪಿನಲ್ಲಿ 88 ಮೊದಲ ಗುಂಪು, 56 ಎರಡನೆಯದು, 16 ಮೂರನೆಯದು ಅಂತಿಟ್ಟುಕೊಳ್ಳಿ. 5.5, 0.7, 0.1 ಕೂಡಿದರೆ 6.3. ಮೊತ್ತ 4 ದಾಟಿದರೆ ಹವಳ ಬೆಳೆಯಲು ನೀರು ಚೆನ್ನಾಗಿದೆ. 2ರಿಂದ 4ರ ನಡುವೆ ಇದ್ದರೆ ಕಷ್ಟ. 2ಕ್ಕಿಂತ ಕೆಳಗೆ ಹೋದರೆ ಆ ನೀರು ಹವಳಕ್ಕೆ ಆಗದು.

ಕಾಕನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸಮುದ್ರ ಬಿಸಿಯಾಗಿ ಸತ್ತ ಹವಳ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಫೊರಾಮ್‌ಗಳ ಆಯಸ್ಸು ಕೆಲವು ತಿಂಗಳಿಂದ ಹೆಚ್ಚೆಂದರೆ ಒಂದೆರಡು ವರ್ಷ, ಬೇಗ ಚೇತರಿಸಿಕೊಳ್ಳುತ್ತವೆ. ಹವಳ ಸತ್ತಿದ್ದರೂ ಮರಳಿನ ಅಂಕಿ ಮೇಲಿದ್ದರೆ, ನೀರಿನ್ನೂ ಹವಳ ಬೆಳೆಯುವಂತಿದೆ, ಏಟು ಬೇರೆ ಕಡೆಯಿಂದ ಬಿದ್ದಿದೆ ಅಂತ ಅರ್ಥ. ಆದರೆ ಒಂದು ಎಚ್ಚರ. ಹವಳದಂತೆ ಆಂಫಿಸ್ಟೆಜಿನಾ ಕೂಡ ಒಳಗಿನ ಪಾಚಿ ಕಳೆದುಕೊಂಡು ಬೆಳ್ಳಗಾಗುತ್ತದೆ, ಫ್ಲೋರಿಡಾದಲ್ಲಿ 1991ರಲ್ಲಿ ಅದು ಕಂಡುಬಂದಿತ್ತು. ಹಾಗಾಗಿ ಚಿಪ್ಪಿನ ಎಣಿಕೆಯ ಜೊತೆ ಜೀವಂತ ಇರುವವುಗಳ ಬಣ್ಣವನ್ನೂ ಬರೆದಿಡುತ್ತೇನೆ. ಮಳೆಗಾಲದ ಅಲೆ ಹಳೆಯ ಚಿಪ್ಪುಗಳನ್ನು ಬೇರೆಡೆಯಿಂದ ತಂದು ಹಾಕುವುದೂ ಉಂಟು, ಸವೆದು ಮುರಿದವನ್ನು ಬೇರೆ ಇಡುತ್ತೇನೆ.

ನಮ್ಮ ಡಬ್ಬಿಗಳಲ್ಲಿ ಹೊರಗಿನ ದಿಬ್ಬದ ಮರಳು ಆಂಫಿಸ್ಟೆಜಿನಾದಿಂದ ತುಂಬಿತ್ತು. ಮನೆಗಳ ಹತ್ತಿರದ ಮರಳಿನಲ್ಲಿ ಹುಡುಕಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಕಾಕನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ಅವುಗಳ ಮೇಲಿಂದ ಕಣ್ಣು ಕೀಳಲಿಲ್ಲ. ಆಮೇಲೆ, "ಮಸೀದಿ ಕಡೆಯ ದಡದ ಮರಳನ್ನು ಯಾಕೆ ತೆಗೆಯಲಿಲ್ಲ? ಚಿಕ್ಕವನಿದ್ದಾಗ ನಾನು ಈಜುತ್ತಿದ್ದದ್ದು ಅಲ್ಲೇ" ಅಂದರು. ಮರುದಿನ ಬೆಳಿಗ್ಗೆ ಇಳಿತ ಶುರುವಾಗುವ ಮುಂಚೆ ಅವರೇ ದೋಣಿಯನ್ನು ಅಲ್ಲಿಗೆ ತಿರುಗಿಸಿದರು.